ಕಾಂಪೌಂಡಿನ ಆಚೆಯ ಬಾಣಂತಿ

ನನ್ನ ಮಗಳು ಏಳೂವರೆ ತಿಂಗಳಿಗೇ ಹುಟ್ಟಿದಳು. ಆಸ್ಪತ್ರೆಯವರು ಹತ್ತೊಂಬತ್ತು ದಿನ ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಮನೆಗೆ ಕಳಿಸುವಾಗ, ವಾರಕ್ಕೊಮ್ಮೆ ಬಂದು ತೂಕ ತೋರಿಸಿ, ದೂರದ ಪ್ರಯಾಣ ಸದ್ಯಕ್ಕೆ ಬೇಡ ಎಂದರು. ಬಾಣಂತನಕ್ಕೆ ಹುಬ್ಬಳ್ಳಿಗೆ ಹೋಗುವ ಮಾತು ಅಲ್ಲಿಗೆ ಮುಗಿಯಿತು. ಅತ್ತೆ ನನ್ನ ಮದುವೆಗೂ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಅವ್ವನೇ ಅಂಟಿನುಂಡಿಯ ಡಬ್ಬಿ, ಅಳವಿ ಬೀಜದ ಗಂಟು, ಹಳೆಯ ಕಾಟನ್ ಸೀರೆಗಳ ಒಂದು ದೊಡ್ಡ ಚೀಲ ಹಿಡಿದುಕೊಂಡು ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿಗೆ ಬಂದಳು.

ಬಂದ ಹನ್ನೆರಡನೆಯ ದಿನ, ನನಗೆ ನೀರು ಹಾಕಿ ಹೊರಗೆ ಬರುವಾಗ ಬಚ್ಚಲಿನ ಹೊಸ್ತಿಲ ಹತ್ತಿರ ಜಾರಿ ಬಿದ್ದಳು. ಎಡಗೈ ಮಣಿಕಟ್ಟು ಮುರಿಯಿತು. ಸಂಜೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಸೋಫಾದ ಮೇಲೆ ಕೂತು, "ನಾ ಬಂದಿದ್ದು ನಿನ್ನ ಬಾಣಂತನ ಮಾಡಾಕ. ಈಗ ನೀನ ನನಗ ತಲಿ ಹಿಕ್ಕಬೇಕಾತು" ಎಂದು ನಕ್ಕಳು. ನಾನು ನಗಲಿಲ್ಲ. ಮೂರು ದಿನದ ನಂತರ ಅಣ್ಣ ಬಂದು ಅವಳನ್ನು ಕರೆದುಕೊಂಡು ಹೋದ. ಅವಳಿಗೇ ಒಬ್ಬರು ಬೇಕಾಗಿತ್ತು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ.

ಗಂಡ ತನ್ನ ರಜೆಯನ್ನೆಲ್ಲ ಆಸ್ಪತ್ರೆಯ ದಿನಗಳಲ್ಲೇ ಮುಗಿಸಿಕೊಂಡಿದ್ದ. ಬೆಳಿಗ್ಗೆ ಎಂಟಕ್ಕೆ ಕಾರ್ಖಾನೆಯ ಬಸ್ಸು ಹತ್ತಿದರೆ ಮರಳುವುದು ಏಳು ಗಂಟೆಗೆ. ನಡುವಿನ ಹನ್ನೊಂದು ಗಂಟೆ ನಾನು, ಮಗು ಇಬ್ಬರೇ. ಆ ದಿನಗಳಲ್ಲಿ ದುಃಖವಾಗುತ್ತಿತ್ತು ಎಂದರೆ ಪೂರ್ತಿ ನಿಜವಾಗುವುದಿಲ್ಲ. ಏನೂ ಆಗುತ್ತಿರಲಿಲ್ಲ. ಮಗು ಅತ್ತರೆ ಎತ್ತಿಕೊಳ್ಳುತ್ತಿದ್ದೆ, ಹಾಲು ಕೊಡುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ. ಬೇರೆ ಯಾರೋ ಒಬ್ಬಳು ಅದನ್ನೆಲ್ಲ ಮಾಡುತ್ತಿರುವುದನ್ನು ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೇನೆ ಎನ್ನುವ ಹಾಗಿತ್ತು. ಅವ್ವ ದಿನಕ್ಕೆ ಎರಡು ಸಲ ಫೋನು ಮಾಡಿ "ಹೆಂಗದಿ?" ಎಂದು ಕೇಳುತ್ತಿದ್ದಳು. "ಆರಾಮ ಇದೀನಿ" ಎನ್ನುತ್ತಿದ್ದೆ.

ಮೂರು ವಾರ ಕಳೆದ ಮೇಲೆ ಮಗುವಿನ ತೂಕ ಎರಡೂವರೆ ಕಿಲೋ ದಾಟಿತು. ಇನ್ನು ದಿನಾ ಸ್ನಾನ ಮಾಡಿಸಬಹುದು ಎಂದರು ಡಾಕ್ಟರು. ಆಸ್ಪತ್ರೆಯಿಂದ ಮರಳುವಾಗ ಗೇಟಿನ ಸೆಕ್ಯುರಿಟಿಯವನನ್ನು, ಇಲ್ಲಿ ಮಗುವಿಗೆ ನೀರು ಹಾಕುವವರು ಯಾರಾದರೂ ಇದ್ದಾರಾ ಎಂದು ನನ್ನ ಗಂಡ ಕೇಳಿದ. "ಹಿಂದ್ಗಡೆ ಊರಲ್ಲಿ ಒಬ್ರು ಅಜ್ಜಿ ಅವ್ರೆ ಸಾರ್. ನಾಳೆ ಕಳಿಸ್ತೀನಿ" ಎಂದ ಅವನು.

ಮರುದಿನ ಹತ್ತು ಗಂಟೆಗೆ ಅಜ್ಜಿ ಬಂದಳು. ಅರವತ್ತು ದಾಟಿದ್ದ, ಗಟ್ಟಿಮುಟ್ಟಾದ ಹೆಂಗಸು. ಈ ಕಟ್ಟಡಗಳು ಬರುವ ಎಷ್ಟೋ ಮೊದಲಿನಿಂದ ಹಿಂದಿನ ಊರಿನಲ್ಲಿ ಇದ್ದವಳು. ಚಪ್ಪಲಿಯನ್ನು ಲಿಫ್ಟಿನ ಹತ್ತಿರವೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರವಾಗಿ ಬಚ್ಚಲಿಗೆ ಹೋದಳು. ನಲ್ಲಿ ತಿರುಗಿಸಿ ನೀರಿಗೆ ಕೈಯೊಡ್ಡಿ ನೋಡಿದಳು.

"ಈ ಗೀಸರ್ ನೀರು ಯಾವ ಮೂಲೆಗೆ ಮಗಾ? ಸ್ಟವ್ ಮ್ಯಾಲೆ ದೊಡ್ಡದೊಂದು ಪಾತ್ರೆ ಇಡು."

ಕಾಲು ಚಾಚಿ ಕೂತು, ಮಗುವನ್ನು ಕಾಲುಗಳ ಮೇಲೆ ಬೋರಲು ಮಲಗಿಸಿ ಎಣ್ಣೆ ಹಚ್ಚಿದಳು. ಮಗು ಕಿರುಚಿತು. ನಾನು ಹತ್ತಿರ ಹೋದೆ. "ಅಳ್ಳಿ ಬಿಡು. ಅತ್ರೆ ಗಂಟ್ಲು ಬಿಡ್ತದೆ" ಎಂದಳು. ಮಗು ಮಲಗಿದ ಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಬೆನ್ನಿಗೆ, ಸೊಂಟಕ್ಕೆ ಚೊಂಬಿನಿಂದ ಒಂದೇ ಸಮನೆ ಬಿಸಿನೀರು ಹೊಯ್ದಳು. ಕೊನೆಯಲ್ಲಿ ತಲೆ ಒರೆಸುವಾಗ, "ಯಾಕ್ ಇಂಗ್ ಮುಖ ಮಾಡ್ಕಂಡಿದೀಯ? ಎಲ್ಲಾರ್ಗೂ ಇಂಗೇ ಆಯ್ತದೆ. ಯಾರೂ ಯೋಳಾಕಿಲ್ಲ ಅಷ್ಟೇ" ಎಂದಳು. ಆ ಮಧ್ಯಾಹ್ನ ನಾನು ಎರಡೂವರೆ ಗಂಟೆ ನಿದ್ದೆ ಮಾಡಿದೆ.

ಮಗುವಿಗೆ ಹೊಗೆ ಸೋಕಬಾರದು ಎಂದು ಡಾಕ್ಟರು ಹೇಳಿದ್ದರಿಂದ, ಅಜ್ಜಿ ನನ್ನ ಕೂದಲಿಗೆ ಮಾತ್ರ, ಬಾಗಿಲ ಬಳಿ ಕೂರಿಸಿಕೊಂಡು ಸಾಂಬ್ರಾಣಿ ಹಾಕುತ್ತಿದ್ದಳು. ಐದನೆಯ ದಿನವೋ ಆರನೆಯ ದಿನವೋ ಬ್ಲಾಕಿನ ವಾಟ್ಸಾಪ್ ಗ್ರೂಪಿನಲ್ಲಿ, ಕಾರಿಡಾರಿನಲ್ಲಿ ಹೊಗೆ ಬರುತ್ತಿದೆ, ಕೂಡಲೇ ನೋಡಿ ಎಂದು ಯಾರೋ ಬರೆದರು. ವೈರು ಸುಡುತ್ತಿರಬೇಕು ಎಂದರು ಇನ್ನೊಬ್ಬರು. ಅಪಾರ್ಟ್‌ಮೆಂಟಿನ ಎಲೆಕ್ಟ್ರಿಷಿಯನ್ ಓಡಿ ಬಂದು ನಮ್ಮ ಬಾಗಿಲ ಮುಂದೆ ನಿಂತು, ಮೂಗು ಮೇಲೆತ್ತಿ, "ಸಾಂಬ್ರಾಣಿ ಮೇಡಂ ಇದು" ಎಂದು ನಕ್ಕ. ನಾನು ಗ್ರೂಪಿನಲ್ಲಿ ಕ್ಷಮೆ ಕೇಳಿದೆ. ಮನೆಯಲ್ಲಿ ಬಾಣಂತನ ನಡೆಯುತ್ತಿದೆ, ಇನ್ನು ಮೇಲೆ ಬಾಗಿಲು ಹಾಕಿಕೊಳ್ಳುತ್ತೇವೆ ಎಂದು ಬರೆದೆ.

ಹತ್ತು ನಿಮಿಷದಲ್ಲಿ ಗೊತ್ತಿಲ್ಲದ ನಂಬರಿನಿಂದ ನನಗೊಂದು ಸಂದೇಶ ಬಂತು. "ಅಕ್ಕ, ನಾಲ್ಕನೇ ಫ್ಲೋರ್. ನಂಗೆ ಡೆಲಿವರಿ ಆಗಿ ಐದನೇ ವಾರ. ನಿಮ್ಮನೆಗೆ ಯಾರು ಬರ್ತಾರೆ? ನಂಗೂ ಕಳಿಸ್ತೀರಾ? ಆ ಸ್ಮೆಲ್ ಬಂದಾಗಿಂದ ಅಳು ನಿಲ್ತಿಲ್ಲ."

ನಾವಿರುವುದು ಎರಡನೆಯ ಮಹಡಿಯಲ್ಲಿ. ಒಂದೇ ಲಿಫ್ಟಿನಲ್ಲಿ ತಿಂಗಳುಗಟ್ಟಲೆ ಇಬ್ಬರೂ ಹೊಟ್ಟೆ ಹೊತ್ತುಕೊಂಡು ಓಡಾಡಿದ್ದೆವು, ಒಮ್ಮೆಯೂ ಎದುರಾಗಿರಲಿಲ್ಲ. ಅವಳು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅವಳ ಅಪ್ಪ ಲಕ್ವ ಹೊಡೆದು ಮಲಗಿದ್ದರಿಂದ ಅಮ್ಮ ಭಾನುವಾರ ಮಾತ್ರ ಬರುತ್ತಿದ್ದರು. "ಒಂದೇ ಊರು ಅಂತ ಹೆಸರಿಗೆ. ನಮ್ಮಮ್ಮ ಬಂದು ಹೋಗೋದ್ರಲ್ಲಿ ನೀವು ಹುಬ್ಳಿ ಮುಟ್ಬಿಡ್ತೀರಾ" ಎಂದಳು.

ಅಜ್ಜಿ ಎರಡು ಮನೆಗೆ ಬರತೊಡಗಿದಳು. ಆಮೇಲೆ ಬಿ ಬ್ಲಾಕಿನಲ್ಲಿದ್ದ ಒಡಿಶಾದ ಒಬ್ಬ ಹುಡುಗಿಯ ಮನೆಗೆ, ಆಮೇಲೆ ಅದೇ ಬ್ಲಾಕಿನ ಅವಳಿ ಮಕ್ಕಳ ತಾಯಿಯ ಮನೆಗೆ. ಒಂದು ಮನೆಯ ಸುದ್ದಿಯನ್ನು ಇನ್ನೊಂದಕ್ಕೆ ಹೊತ್ತು ತರುತ್ತಿದ್ದಳು. "ಮ್ಯಾಗ್ಳ ಮನೆ ಮಗು ಇವತ್ತು ಚೆಂದಾಗಿ ಆಲು ಕುಡೀತು. ಅತ್ಲಾಗಿನ್ ಬಿಲ್ಡಿಂಗ್‌ನ ಹುಡ್ಗಿ ಮಾತ್ರ ಉಣ್ಣಾಕೇ ಇಲ್ಲ, ನೀನಾರ ಓಗ್ ನೋಡು." ಆ ಹುಡುಗಿಗೆ ಕನ್ನಡ ಬಾರದು, ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಆದರೂ ಅವಳು ಉಣ್ಣುತ್ತಿಲ್ಲ ಎನ್ನುವುದು ಅಜ್ಜಿಗೇ ಮೊದಲು ಗೊತ್ತಾಯಿತು. ನಾನು ಮಗುವನ್ನು ಸೀರೆಯಲ್ಲಿ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಸಬ್ಬಸಿಗೆ ಸೊಪ್ಪಿನ ಸಾರು, ಅನ್ನದ ಡಬ್ಬಿ ಹಿಡಿದುಕೊಂಡು ಹೋದೆ. ಹೆರಿಗೆಯಾದ ಮೇಲೆ ಆಸ್ಪತ್ರೆಗಲ್ಲದೆ ನಾನು ಹೊರಗೆ ಕಾಲಿಟ್ಟದ್ದು ಅದೇ ಮೊದಲು.

ನಾವು ನಾಲ್ವರು ಮಧ್ಯಾಹ್ನ ಮೂರರಿಂದ ಐದರವರೆಗೆ ಕ್ಲಬ್‌ಹೌಸಿನ ಟೇಬಲ್ ಟೆನ್ನಿಸ್ ಕೋಣೆಯಲ್ಲಿ ಸೇರಲು ಶುರುಮಾಡಿದೆವು. ಆ ಹೊತ್ತಿನಲ್ಲಿ ಅಲ್ಲಿ ಯಾರೂ ಆಡುತ್ತಿರಲಿಲ್ಲ. ನಿಯಮ ಮಾಡಿದವಳು ಜಾಲಹಳ್ಳಿಯವಳು. "ಯಾರೂ ಯಾರಿಗೂ ಅಡ್ವೈಸ್ ಕೊಡೋ ಹಾಗಿಲ್ಲ ಕಣ್ರೀ. ಊಟ ತನ್ನಿ, ಬಾಯಿ ಮುಚ್ಕೊಳ್ಳಿ." ದಿನಕ್ಕೊಬ್ಬಳು ಎಚ್ಚರವಾಗಿದ್ದು ಐದೂ ಮಕ್ಕಳನ್ನು ನೋಡಿಕೊಳ್ಳಬೇಕು, ಉಳಿದ ಮೂವರು ಯೋಗದ ಚಾಪೆಗಳ ಮೇಲೆ ಮಲಗಬೇಕು. ನಾವು ಮಾಡಿದ್ದು ಇಷ್ಟೇ. ಮಾತಿಗಿಂತ ನಿದ್ದೆಯೇ ಹೆಚ್ಚು. ಫೋನಿನಲ್ಲಿ ಒಂದು ಗ್ರೂಪು ಮಾಡಿ ಅದಕ್ಕೆ "ನೀರು" ಎಂದು ಹೆಸರಿಟ್ಟೆವು.

ಒಂದು ಸೋಮವಾರ ಅಜ್ಜಿ ಬರಲಿಲ್ಲ. ಮಂಗಳವಾರವೂ ಇಲ್ಲ. ಫೋನು ಸ್ವಿಚ್ ಆಫ್. ಬುಧವಾರ ನಾನು ಮತ್ತು ಜಾಲಹಳ್ಳಿಯವಳು ಮಕ್ಕಳನ್ನು ಎತ್ತಿಕೊಂಡು ಅವಳ ಊರಿಗೆ ಹೊರಟೆವು. ನಾಲ್ಕನೆಯ ಮಹಡಿಯ ಬಾಲ್ಕನಿಯಿಂದ ಆ ಊರಿನ ಟೆರೇಸುಗಳು, ಒಣಹಾಕಿದ ಬಟ್ಟೆಗಳು, ಮಾರಮ್ಮನ ಗುಡಿ ಎಲ್ಲ ಕಾಣುತ್ತವೆ. ಆದರೆ ನಮ್ಮ ಗೇಟಿರುವುದು ಮುಂದಿನ ರಸ್ತೆಗೆ. ಕಾಂಪೌಂಡು ಸುತ್ತಿಕೊಂಡು ಊರು ಸೇರಲು ಇಪ್ಪತ್ತು ನಿಮಿಷ ಹಿಡಿಯಿತು. ಐದು ವರ್ಷದಿಂದ ಅಲ್ಲಿದ್ದೂ ಆ ಬೀದಿಗೆ ನಾನು ಹೋಗಿದ್ದು ಅದೇ ಮೊದಲು.

ಅಜ್ಜಿ ಮನೆ ಮುಂದಿನ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಬಲ ಮಂಡಿ ಊದಿಕೊಂಡಿತ್ತು. "ಯಾಕ್ ಬರಾಕ್ ಓದ್ರಿ ಮಗಾ, ಬಿಸ್ಲಾಗೆ. ಕಾಲು ಊದ್ಕಂಡದೆ, ಮೆಟ್ಲು ಇಳಿಯಾಕಾಯ್ತಿಲ್ಲ" ಎಂದಳು. ಅಷ್ಟರಲ್ಲಿ ಒಳಗಿನಿಂದ ಮಗು ಅಳುವುದು ಕೇಳಿಸಿತು. ಎಳೆಯ ಮಗುವಿನ ಅಳು. ನಮಗಿಬ್ಬರಿಗೂ ಆಗ ಅದರ ಲೆಕ್ಕ ಚೆನ್ನಾಗಿ ಗೊತ್ತಿತ್ತು.

"ಯಾರ ಮಗು ಅಜ್ಜಿ?"

ಅಜ್ಜಿ ಬೀದಿಯ ಕಡೆ ನೋಡಿದಳು. "ನಮ್ದೇ. ಸೊಸೇದು. ಒಂದೂವರೆ ತಿಂಗ್ಳಾಯ್ತು."

ಹೆಚ್ಚುಕಡಿಮೆ ಆ ಒಂದೂವರೆ ತಿಂಗಳೂ ಅವಳು ದಿನಾ ನಮ್ಮ ಮನೆಗಳಿಗೆ ಬಂದಿದ್ದಳು. ಎಲ್ಲರ ಮಕ್ಕಳ ಹೊಟ್ಟೆ, ನೆಗಡಿ, ನಿದ್ದೆಯ ಸುದ್ದಿ ಹೇಳಿದ್ದಳು. ತನ್ನ ಮನೆಯಲ್ಲೊಂದು ತೊಟ್ಟಿಲಿದೆ ಎಂದು ಮಾತ್ರ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಸೊಸೆ ಒಳಗಿನಿಂದ ಬಂದಳು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಇಪ್ಪತ್ತೈದರ ಆಸುಪಾಸು. ಮಾಲೂರಿನ ಕಡೆಯವಳು, ಮದುವೆಯಾದ ಮೇಲೆ ಇಲ್ಲೇ ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು ಎಂದು ಆಮೇಲೆ ತಿಳಿಯಿತು. ನಮ್ಮನ್ನು ಒಳಗೆ ಕರೆದು ಚಾಪೆ ಹಾಸಿ, ನನ್ನನ್ನೇ ನೋಡಿ, "ಗೀಸರ್ ನೀರಿನ ಮೇಡಂ ನೀವೇ ಅಲ್ವಾ?" ಎಂದಳು. ಅವಳಿಗೆ ನಾವೆಲ್ಲ ಗೊತ್ತಿದ್ದೆವು. ಅಜ್ಜಿ ಸಂಜೆ ಮಗನ ಮುಂದೆ ಹೇಳುತ್ತಿದ್ದುದನ್ನೆಲ್ಲ ಇವಳು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡಿದ್ದಳು.

"ನಿಂಗೂ ಅಜ್ಜಿನೇ ನೀರು ಹಾಕೋದಾ?" ಎಂದು ಜಾಲಹಳ್ಳಿಯವಳು ಸಹಜವಾಗಿ ಕೇಳಿದಳು.

"ಇಲ್ಲ. ನಾನೇ ಬೇಡ ಅಂದಿದೀನಿ. ಹದಿನೈದು ದಿನ ಚಿಕ್ಕಮ್ಮನ ಮನೇಲಿದ್ದೆ. ಇಲ್ಲಿಗ್ ಬಂದ್ಮೇಲೆ ನಾನೇ ಹಾಕ್ಕೊಳ್ತೀನಿ." ದನಿ ತಗ್ಗಿಸಿದಳು. "ನಂಗೆ ಮೊದ್ಲು ಒಂದು ಹೋಯ್ತು ಮೇಡಂ, ಮೂರು ತಿಂಗ್ಳಿಗೆ. ಆಸ್ಪತ್ರೆಯಿಂದ ಬಂದು ಈ ರೂಮಲ್ಲಿ ಮಲ್ಗಿದ್ದೆ. ಅತ್ತೆ ಜಗಲಿ ಮೇಲೆ ಕೂತ್ಕೊಂಡು ಪಕ್ಕದ್ಮನೆಯೋರಿಗೆ ಹೇಳ್ತಿದ್ರು, ಇವ್ಳ ಹೊಟ್ಟೇಲಿ ನಿಲ್ಲಲ್ಲ ಬಿಡು ಅಂತ. ಕಿಟಕಿ ತೆಗ್ದಿತ್ತು. ಈಗ ನಿಂತಿದೆ. ಆ ಕೈ ಮಾತ್ರ ನಂಗೆ ಬೇಡ."

ನನ್ನ ಬೆನ್ನ ಮೇಲೆ ದಿನಾ ಆಡುತ್ತಿದ್ದ ಕೈಗೂ ಆ ಮಾತಿಗೂ ಹೊಂದಿಸಲು ನೋಡಿದೆ, ಆಗಲಿಲ್ಲ. ಹಾಗೆಂದು ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದೂ ಅನಿಸಲಿಲ್ಲ. ಕಾಯಿಸದ ಹಾಲಿನ ಪಾತ್ರೆ ಒಲೆಯ ಮೇಲೆ ಹಾಗೇ ಇತ್ತು. ಜಾಲಹಳ್ಳಿಯವಳು ಎದ್ದು ಒಲೆ ಹಚ್ಚಿದಳು. ನಾನು ಸೊಸೆಯ ಮಗುವನ್ನು ಎತ್ತಿಕೊಂಡೆ. ಹೊರಡುವಾಗ, ಮಧ್ಯಾಹ್ನ ನಮ್ಮ ಕೋಣೆಗೆ ಬಾ ಎಂದು ಕರೆದೆವು.

ಅವಳು ಮೂರು ಸಲ ಬಂದಳು. ಅವಳಿ ಮಕ್ಕಳ ತಾಯಿಗೆ ಸ್ವಲ್ಪ ಅಳುಕು. "ಹೊರಗಿನೋರನ್ನ ಕರ್ಕೊಂಡ್ ಬಂದ್ರೆ ನಾಳೆ ಅಸೋಸಿಯೇಷನ್‌ನವರು ರೂಮೇ ಕಿತ್ಕೋತಾರೆ" ಎಂದಳು. ಹಾಗೇನೂ ಆಗಲಿಲ್ಲ. ಆದದ್ದು ಬೇರೆ. ನಾಲ್ಕನೆಯ ಸಲ ಸೊಸೆ ಬರಲಿಲ್ಲ. ನಾನೇ ಹೋಗಿ ಕೇಳಿದೆ.

"ಗೇಟಲ್ಲಿ ಬುಕ್ಕಲ್ಲಿ ಬರೀತಾರಲ್ಲ ಮೇಡಂ. ಯಾವ ಫ್ಲಾಟು, ಏನ್ ಕೆಲ್ಸ ಅಂತ. ಮೊದ್ಲೆರಡು ಸಲ ಕೆಲಸದವರು ಅಂತ ಬರ್ದಿದ್ರು, ನಾನು ನೋಡಿರ್ಲಿಲ್ಲ. ಮೂರನೇ ಸಲ ನೋಡ್ದೆ." ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತ ಕೇಳಿದಳು. "ಕೈಯಲ್ಲಿ ಕೂಸು ಇತ್ತು. ನಾನು ಯಾರ ಮನೇಲಿ ಏನ್ ಕೆಲ್ಸ ಮಾಡ್ತಿದೀನಿ, ನೀವೇ ಹೇಳಿ?"

ಸೆಕ್ಯುರಿಟಿಯವರ ಜೊತೆ ಮಾತಾಡಿ ಸರಿಪಡಿಸುತ್ತೇನೆ ಎಂದೆ. ಬೇಡ ಎಂದಳು. ಹಾಗಾಗಿ ಗುರುವಾರಗಳಂದು ನಾವೇ ಅವಳ ಮನೆಗೆ ಹೋಗುವುದೆಂದಾಯಿತು. ಅವಳಿಗಳ ತಾಯಿ ಬರಲಿಲ್ಲ, ಉಳಿದ ಮೂವರು ಹೋದೆವು. ನಾವು ಹೋದರೆ ಅಜ್ಜಿ ಜಗಲಿಗೆ ಎದ್ದು ಹೋಗುತ್ತಿದ್ದಳು. ಮಕ್ಕಳನ್ನು ಒಂದೊಂದಾಗಿ ಅವಳ ಬಳಿ ಬಿಟ್ಟು ಬರುತ್ತಿದ್ದೆವು. ಮೊಮ್ಮಗಳನ್ನು ಕೊಡಲು ಸೊಸೆ ಬೇಡ ಅನ್ನುತ್ತಿರಲಿಲ್ಲ. ತಾನಾಗಿ ಕೊಡುತ್ತಲೂ ಇರಲಿಲ್ಲ, ನಾವೇ ಎತ್ತಿಕೊಂಡು ಹೋಗಿ ಕೊಡಬೇಕಾಗಿತ್ತು.

ಅಂಥ ಒಂದು ಗುರುವಾರ ಸೊಸೆಗೆ ಸೊಂಟ ಹಿಡಿದುಕೊಂಡಿತ್ತು. ಸಿಸೇರಿಯನ್ ಆದವಳು. ಬಗ್ಗಿ ಹಂಡೆಯಿಂದ ನೀರು ತೋಡಲು ಆಗುತ್ತಿಲ್ಲ, ಎರಡು ದಿನದಿಂದ ಸ್ನಾನವಿಲ್ಲ ಎಂದಳು. ಜಾಲಹಳ್ಳಿಯವಳು ಮಕ್ಕಳ ಬಳಿ ಇದ್ದಳು. "ನಾನು ಹಾಕ್ಲಾ?" ಎಂದೆ. ಕೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ನಾನು ಯಾರಿಗೂ ನೀರು ಹಾಕಿದವಳಲ್ಲ. ಅವಳು ಟವೆಲು ತೆಗೆದುಕೊಂಡಳು.

ಬಚ್ಚಲು ಹಿತ್ತಲಲ್ಲಿತ್ತು. ಒಳಗೆ ಸೌದೆ ಒಲೆ, ತಾಮ್ರದ ಹಂಡೆ. ತಗಡಿನ ಬಾಗಿಲು. ಅವಳನ್ನು ಕಲ್ಲಿನ ಮೇಲೆ ಕೂರಿಸಿ ಎರಡು ಚೊಂಬು ಹಾಕಿದ್ದೆನೋ ಇಲ್ಲವೋ, ಹೊರಗಿನಿಂದ ಅಜ್ಜಿಯ ದನಿ ಕೇಳಿಸಿತು. ಊದಿದ ಕಾಲೆಳೆದುಕೊಂಡು ಬಂದು ಬಾಗಿಲಾಚೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು.

"ಮಗಾ, ಅಂಗ್ ಎಸೀಬ್ಯಾಡ ನೀರ. ಸದ್ದಲ್ಲೇ ಗೊತ್ತಾಯ್ತದೆ. ಧಾರೆ ತುಂಡಾಗ್ಬಾರ್ದು."

ನಾನು ಚೊಂಬನ್ನು ಓರೆ ಮಾಡಿ ಮೆಲ್ಲಗೆ ಹೊಯ್ದೆ.

"ಸೊಂಟದ್ ಮ್ಯಾಲೆ ಉಯ್ಯಿ. ಗಾಯದ್ ಕಡೀಕ್ ಬ್ಯಾಡ. ಬಿಸಿ ಸಾಕಾ ಅಂತ ಕೇಳು ಅವ್ಳ್ನ."

ಇಬ್ಬರ ನಡುವೆ ಇದ್ದದ್ದು ಒಂದು ತಗಡು. ಸೊಸೆ ತಲೆ ತಗ್ಗಿಸಿಕೊಂಡೇ, "ಇನ್ನೂ ಸ್ವಲ್ಪ ಬಿಸಿ ಬೇಕು ಅನ್ನಿ ಮೇಡಂ" ಎಂದಳು.

"ಇನ್ನೂ ಬಿಸಿ ಬೇಕಂತೆ ಅಜ್ಜಿ."

"ತಣ್ಣೀರ್ ಬೆರಸ್ಬ್ಯಾಡ ಅಂಗಾರೆ. ಬೆನ್ನು ನೆಟ್ಗೆ ಮಾಡಕ್ ಯೋಳು."

ನಾನು ಹೇಳಿದೆ. ಅವಳು ಬೆನ್ನು ನೆಟ್ಟಗೆ ಮಾಡಿದಳು. ಹೀಗೆ ಹತ್ತು ಹನ್ನೆರಡು ಮಾತು ನನ್ನ ಮೂಲಕ ಹೋದವು, ಬಂದವು. ನನ್ನ ತೋಳು ನೋಯುತ್ತಿತ್ತು, ಹೊಗೆಗೆ ಕಣ್ಣು ಉರಿಯುತ್ತಿತ್ತು. ಹಂಡೆಯಲ್ಲಿ ನೀರು ಅರ್ಧಕ್ಕಿಳಿದಾಗ ಅಜ್ಜಿ ನನ್ನನ್ನು ಕರೆಯದೆ, "ಕುತ್ಗೆ ಬಗ್ಸು, ಅಲ್ಲೇ ಹಿಡ್ಕಂಡಿರ್ತದೆ" ಎಂದಳು. ಅದು ನನಗೆ ಹೇಳಿದ್ದಲ್ಲ. ಸೊಸೆ ಕುತ್ತಿಗೆ ಬಗ್ಗಿಸಿದಳು. ನಾನು ಅಲ್ಲಿ ನೀರು ಹೊಯ್ದೆ.

ಹೊರಗೆ ಬಂದಾಗ ಕಲ್ಲಿನ ಮೇಲೆ ಅಜ್ಜಿ ಇರಲಿಲ್ಲ. ಕೆಂಡಕ್ಕೆ ಸಾಂಬ್ರಾಣಿ ಹಾಕಿದ ಮಣ್ಣಿನ ಬಟ್ಟಲು ಮಾತ್ರ ಬಾಗಿಲ ಹತ್ತಿರ ಇತ್ತು. ಸೊಸೆ ಅದನ್ನು ದಾಟಿ ಹೋದಳು. ನಾಲ್ಕು ಹೆಜ್ಜೆ ಹೋಗಿ, ಮರಳಿ ಬಂದು, ಅದರ ಮುಂದೆ ಕೂದಲು ಬಿಚ್ಚಿಕೊಂಡು ಕೂತಳು.

ಇದಾದ ಮೇಲೆ ಅತ್ತೆ ಸೊಸೆ ಒಂದಾದರು ಎಂದು ಬರೆಯಲಾರೆ. ಮಗುವಿನ ಬಗ್ಗೆ, ಅಡುಗೆಯ ಬಗ್ಗೆ ಬೇಕಾದಷ್ಟು ಮಾತ್ರ ಮಾತಾಡತೊಡಗಿದರು. ಕೆಲವು ವಾರ ಬಿಟ್ಟು ಅಜ್ಜಿ ಜಗಲಿಯ ಮೇಲೆ ಒಬ್ಬಳೇ ಸಿಕ್ಕಾಗ ಕೇಳಿದೆ. ಸೊಸೆಯ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂಬ ಆ ಮಾತು ಅಂದದ್ದು ನಿಜವಾ ಎಂದು.

"ಅಂದಿದ್ದೆ" ಎಂದಳು. ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ ಕೈ ನಿಲ್ಲಲಿಲ್ಲ. "ಅದೇನ್ ಬಾಯೋ ನಂದು. ಅವ್ಳಿಗ್ ಕೇಳ್ಸಿತ್ತು ಅಂತ ಮಗ ಯೋಳ್ದ. ಆಮ್ಯಾಕೆ ಅವ್ಳ ಮುಂದೆ ಕುಂತ್ಕಳಾಕೇ ಆಗ್ತಿರ್ಲಿಲ್ಲ. ನಿಮ್ಮನೆಗಳ್ಗೆ ಬಂದ್ರೆ ಒತ್ತು ಓಯ್ತಿತ್ತು." ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟು, "ಅವ್ಳು ಮರೀಬೇಕು ಅಂತೇನಿಲ್ಲ ಬಿಡು" ಎಂದಳು.

ಅವಳ ಕಾಲು ಸರಿಹೋಗಲಿಲ್ಲ. ಮನೆಮನೆಗೆ ಬರುವುದು ನಿಂತೇಹೋಯಿತು. ಸೊಸೆ ಆ ಕೆಲಸ ಮುಂದುವರಿಸಬಹುದು ಎಂದು ನಮ್ಮಲ್ಲಿ ಒಂದಿಬ್ಬರು ಅಂದುಕೊಂಡಿದ್ದೆವು. ಅವಳು ಖಂಡಿತ ಬೇಡ ಎಂದಳು. ಮಗುವಿಗೆ ಆರು ತಿಂಗಳಾದ ಮೇಲೆ ಗಾರ್ಮೆಂಟ್ಸಿಗೇ ಹೋದಳು. ಹಗಲು ಮಗುವನ್ನು ನೋಡಿಕೊಳ್ಳುವವಳು ಅಜ್ಜಿ. ಹೊಸದಾಗಿ ಯಾರಿಗಾದರೂ ಹೆರಿಗೆಯಾಗಿದೆ ಎಂದು ಗೊತ್ತಾದರೆ ನಮ್ಮಲ್ಲೇ ಇಬ್ಬರು ಹೋಗುತ್ತಿದ್ದೆವು. ಒಬ್ಬಳು ಮಗುವನ್ನು ಎತ್ತಿಕೊಳ್ಳಲು, ಒಬ್ಬಳು ನೀರು ಹಾಕಲು. ಅಜ್ಜಿಯ ಅರ್ಧದಷ್ಟೂ ನಮಗೆ ಬರುತ್ತಿರಲಿಲ್ಲ. ಬೇಡ ಎಂದವರೂ ಇದ್ದರು, ಹೊಸಬರು ಮುಟ್ಟುವುದು ಎಲ್ಲರಿಗೂ ಹಿಡಿಸುವುದಿಲ್ಲ. ಅಂಥ ಕಡೆ ಊಟ ಇಟ್ಟು ಬರುತ್ತಿದ್ದೆವು. ಒಡಿಶಾದ ಹುಡುಗಿ ಎಲ್ಲರಿಗಿಂತ ಚೆನ್ನಾಗಿ ಕಲಿತಳು. "ಬೆನ್ನು ನೆಟ್ಗೆ" ಎನ್ನುವುದನ್ನು ಕನ್ನಡದಲ್ಲೇ, ಅಜ್ಜಿಯ ಹಾಗೆಯೇ ಹೇಳುತ್ತಿದ್ದಳು.

ನಾನು ಕೆಲಸಕ್ಕೆ ಮರಳಿದೆ. ಜಾಲಹಳ್ಳಿಯವಳು ಮಾರತ್ತಹಳ್ಳಿಯ ಕಡೆ ಮನೆ ಬದಲಿಸಿದಳು. ಅಲ್ಲಿಯೂ ಅಂಥದೊಂದು ಗ್ರೂಪು ಶುರುಮಾಡಲು ನೋಡಿದಳು, ಕೂಡಿಬರಲಿಲ್ಲ. ನಮ್ಮ "ನೀರು" ಗ್ರೂಪಿನಲ್ಲಿ ಈಗ ನನಗೆ ಪರಿಚಯವಿಲ್ಲದ ಹೆಸರುಗಳೇ ಹೆಚ್ಚು. ಕೆಲವು ದಿನ ಸುಮ್ಮನಿರುತ್ತದೆ. ಕೆಲವು ದಿನ ಯಾರೋ ಒಬ್ಬರು, ಇವತ್ತು ಮಧ್ಯಾಹ್ನ ಒಂದು ಗಂಟೆ ಹೊತ್ತು ಯಾರಾದರೂ ಬರುತ್ತೀರಾ ಎಂದು ಕೇಳಿರುತ್ತಾರೆ. ಸಾಮಾನ್ಯವಾಗಿ ಯಾರಾದರೊಬ್ಬರು ಹೋಗಿರುತ್ತಾರೆ.

ಈ ಬರಹಕ್ಕೆ ಕೂರುವ ಮೊದಲು ನಾನು ಸೊಸೆಯ ಮನೆಗೆ ಹೋಗಿದ್ದೆ. ಅವತ್ತು ಭಾನುವಾರ. ಅವಳು ಬಟ್ಟೆ ಒಣಹಾಕುತ್ತಿದ್ದಳು. ಅಜ್ಜಿ ಒಳಗೆ ಮಲಗಿದ್ದಳು. ಇದನ್ನೆಲ್ಲ ಬರೆಯಬೇಕೆಂದಿದ್ದೇನೆ, ನಿನಗೆ ಬೇಜಾರಿಲ್ಲ ತಾನೆ ಎಂದು ಕೇಳಿದೆ.

"ಬರೀರಿ ಮೇಡಂ. ನನ್ನ ಹೆಸ್ರು ಬೇಡ" ಎಂದಳು. ಬಕೆಟ್ಟಿನಿಂದ ಇನ್ನೊಂದು ಸೀರೆ ತೆಗೆದು ಹಿಂಡಿ, ತಂತಿಯ ಮೇಲೆ ಹರವಿ, ಅದರ ಅಂಚು ಎಳೆದು ಸರಿಮಾಡಿದಳು. ಆಮೇಲೆ, "ಅತ್ತೇದೂ ಹಾಕ್ಬೇಡಿ. ಊರೆಲ್ಲ ಮಾತಾಡ್ಕೋತಾರೆ" ಎಂದಳು.